ಸಾವಿನ ಸುದ್ದಿಗೂ ಹೆಬ್ಬೆರಳು ಒತ್ತುವುದಾ?

ಡೊಂಬಿವಲಿ ರಾಯರು:
ನಮ್ಮ ಕಡೆಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅರ್ಧ ಜನ ಕೈ ಮುಗಿಯುತ್ತಾರೆ, ಇನ್ನರ್ಧ ಜನ ಹೆಬ್ಬೆರಳು ಎತ್ತುತ್ತಾರೆ. 'ಓದಿದೆ' ಅಂತಲೋ, 'ಒಳ್ಳೇದಾಯ್ತು' ಅಂತಲೋ? ನೀವೆಲ್ಲ ಏನು ಒತ್ತುತ್ತೀರಿ?

ಕೊತ್ರೂಡ್ ಅಕ್ಕ:
ರಾಯರೇ, ಅದು ಹಳೇ ಚಟ. ಫೇಸ್‌ಬುಕ್‌ನಲ್ಲಿ 2009ರಲ್ಲಿ ಲೈಕ್ ಬಂತು, ಅಳು, ಸಿಟ್ಟು ಎಲ್ಲ ಸೇರಿದ್ದು 2016ರಲ್ಲಿ, ಅಲ್ಲಿಯವರೆಗೆ ಮದುವೆಗೂ ಮರಣಕ್ಕೂ ಅದೊಂದೇ ಬಟನ್ ಇತ್ತಲ್ವಾ, ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ವಾಟ್ಸಾಪ್‌ಗೆ ರಿಯಾಕ್ಷನ್ ಬಂದದ್ದು 2022ರಲ್ಲಿ. ಶುರುವಿನ ಆರು ಗುರುತುಗಳಲ್ಲೇ ಅಳುವ ಮುಖ, ಕೈ ಮುಗಿಯುವುದು ಎರಡೂ ಇದ್ದವು. ಆದರೂ ಹೆಬ್ಬೆರಳೇ ಬೇಕು ಇವರಿಗೆ!

ಮಡಗಾಂವ್ ಮಾಣಿ:
ಏನಾದರೂ ಒತ್ತಲಿ ಬಿಡಿ. ಒಬ್ಬೊಬ್ಬರೂ 'ಓಂ ಶಾಂತಿ' ಅಂತ ಬರೆದು, ಅಂತ್ಯಕ್ರಿಯೆ ಎಷ್ಟು ಗಂಟೆಗೆ ಎಂಬ ಮೆಸೇಜೇ ಮೇಲೆ ಹೋಗಿ ಕಳೆದುಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ನನಗೆ ತಲೆನೋವು ನಗುವ ಮುಖ. ನೀರು ಬಂದಿಲ್ಲ ಅಂತ ಬರೆದರೆ ಮೇಲಿನ ಮಹಡಿಯವರು ಅದನ್ನೇ ಒತ್ತುತ್ತಾರೆ. ಅದು ಅಣಕ, ಮತ್ತೇನಲ್ಲ.

ಡೊಂಬಿವಲಿ ರಾಯರು:
ಗುರುತಿನ ಮೇಲೆ ಒತ್ತಿದರೆ ಯಾರು ಹಾಕಿದ್ದು ಅಂತ ಹೆಸರು ಕಾಣುತ್ತದೆ, ಗೊತ್ತಲ್ವಾ? ನಮ್ಮಲ್ಲಿ ಅದನ್ನು ನೋಡಿಯೇ ಇಬ್ಬರು ಮಾತು ಬಿಟ್ಟಿದ್ದಾರೆ.

ಕೊತ್ರೂಡ್ ಅಕ್ಕ:
ಅಯ್ಯೋ, ಇಬ್ಬರೇನಾ? ನಮ್ಮ ಸೊಸೈಟಿಗೆ ಬನ್ನಿ.