ತುಬುವಾನ್‌ಗೆ ‘ಮುಖವಾಡ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಪಪುವಾ ನ್ಯೂಗಿನಿಯ ತೊಲಾಯಿ ಜನರ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದ ಕೂರುತ್ತಿಲ್ಲ, ನಿಮ್ಮ ಸಲಹೆ ಬೇಕು.

ನ್ಯೂ ಬ್ರಿಟನ್ ದ್ವೀಪದಲ್ಲಿ ರಬಾಉಲ್, ಕೊಕೊಪೊ ಸುತ್ತಮುತ್ತ ಇರುವವರು ಇವರು. ಹಿರಿಯರು ತೀರಿಕೊಂಡಾಗ ಮಾಡುವ ದೊಡ್ಡ ಕಾರ್ಯಕ್ಕೆ ತುಬುವಾನ್ ಅನ್ನುವ ಹೆಣ್ಣು ಚೇತನ ಬರುತ್ತಾಳೆ. ಅವಳು ತಾಯಿ. ಜೊತೆಗೆ ಬರುವ ದುಕ್‌ದುಕ್ ಅವಳ ಮಗ. ತುಬುವಾನ್‌ಳ ತಲೆ ಮೇಲೆ ಚೂಪಾಗಿ ಎದ್ದ ಕಪ್ಪು ಶಂಕು. ಅದರಲ್ಲಿ ಉಂಗುರದೊಳಗೆ ಉಂಗುರ ಬರೆದ ಎರಡು ದೊಡ್ಡ ಕಣ್ಣು, ತುದಿಗೆ ಗರಿ. ಕೆಳಗೆ ಹಸಿರೆಲೆಯ ದಪ್ಪ ಸುತ್ತುಗಳು. ಒಳಗಿರುವವನ ಕಾಲು ಬಿಟ್ಟರೆ ಏನೂ ಕಾಣುವುದಿಲ್ಲ. ದುಕ್‌ದುಕ್ ಇನ್ನೂ ಎತ್ತರ, ಸಪೂರ. ಅದಕ್ಕೆ ಕಣ್ಣಿಲ್ಲ. ಅದು ಪ್ರತಿ ಸಲ ಹುಟ್ಟಿ, ಕಾರ್ಯ ಮುಗಿದ ಮೇಲೆ ಸಾಯುತ್ತದೆ. ತುಬುವಾನ್‌ಗೆ ಸಾವಿಲ್ಲ. ಕುಲವನ್ನು ತಾಯಿ ಕಡೆಯಿಂದ ಎಣಿಸುವ ಜನ ಇವರು, ಒಂದೊಂದು ತುಬುವಾನೂ ಒಂದೊಂದು ಕುಲಕ್ಕೆ ಸೇರಿದ್ದು.

ಸೂರ್ಯ ಹುಟ್ಟುವ ಮುಂಚೆ ದೋಣಿಗಳಲ್ಲಿ, ಡೋಲಿನ ಸದ್ದಿನ ಜೊತೆ ತುಬುವಾನ್, ದುಕ್‌ದುಕ್ ದಡಕ್ಕೆ ಬರುವುದಕ್ಕೆ ‘ಕಿನವಾಯ್’ ಅನ್ನುತ್ತಾರೆ. ಅವರ ಜಾಗ ‘ತರಾಯು’. ದೀಕ್ಷೆಯಾದ ಗಂಡಸರು ಬಿಟ್ಟು ಬೇರೆ ಯಾರೂ ಅಲ್ಲಿಗೆ ಕಾಲಿಡುವಂತಿಲ್ಲ. ಕಾರ್ಯದಲ್ಲಿ ಕವಡೆಯಂಥ ಸಣ್ಣ ಚಿಪ್ಪುಗಳನ್ನು ಪೋಣಿಸಿದ ‘ತಬು’ ಹಂಚುತ್ತಾರೆ. ಅದು ಅವರಿಗೆ ದುಡ್ಡೂ ಹೌದು, ಸತ್ತವರಿಗೆ ತೋರುವ ಗೌರವವೂ ಹೌದು.

ಈಗ ನನ್ನ ಪ್ರಶ್ನೆ. ಕರಡಿನಲ್ಲಿ ‘ಮುಖವಾಡ ಹಾಕಿಕೊಂಡು ಕುಣಿಯುತ್ತಾರೆ’ ಅಂತ ಬರೆದಿದ್ದೆ. ಓದಿದವರೊಬ್ಬರು, ‘ಮುಖವಾಡ ಅಂದ್ರೆ ಸುಳ್ಳು ಅನ್ನೋ ಅರ್ಥ ಬರುತ್ತೆ, ಬೇಡ’ ಅಂದರು. ನನಗೆ ಹಾಗನ್ನಿಸುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ತೆಂಗಿನಕಾಯಿಗೆ ಕಟ್ಟುವ ಬೆಳ್ಳಿ ಮುಖಕ್ಕೂ ನಾವು ಮುಖವಾಡ ಅಂತಲೇ ಹೇಳ್ತೀವಿ ಅಲ್ವಾ? ಅಲ್ಲಿ ಯಾರನ್ನೂ ಮರೆಮಾಡುವುದಿಲ್ಲ, ದೇವಿಯನ್ನು ಕೂರಿಸುತ್ತೇವೆ. ಹಾಗಾಗಿ ನಾಮಪದ ಇರಲಿ ಅನ್ನಿಸುತ್ತದೆ. ತೊಡಕಿರುವುದು ‘ಹಾಕಿಕೊಂಡು’ ಅನ್ನುವುದರಲ್ಲಿ. ಒಳಗೆ ಯಾರಿದ್ದಾರೆ ಅನ್ನುವುದು ತೊಲಾಯಿಗಳು ಬಾಯಿ ಬಿಡುವ ಮಾತಲ್ಲ. ಅವರ ಮಟ್ಟಿಗೆ ತುಬುವಾನ್‌ಳನ್ನು ‘ಎಬ್ಬಿಸುತ್ತಾರೆ’, ಅವಳು ಬರುತ್ತಾಳೆ.

‘ವೇಷ’ ಅಂದರೆ ಆಟದವರ ನೆನಪಾಗುತ್ತದೆ. ‘ಮೈಮೇಲೆ ಬಂದಳು’ ಅಂತಲೂ ಬರೆಯಲಾರೆ, ಅದು ಬೇರೆಯೇ ವಿಷಯ. ಸದ್ಯಕ್ಕೆ ‘ತುಬುವಾನ್ ಎದ್ದು ಬಂದಳು’ ಅಂತ ಇಟ್ಟಿದ್ದೇನೆ.

ನಮ್ಮಲ್ಲೂ ದೊಡ್ಡ ಮುಖವಾಡದ ಸೋಮನ ಕುಣಿತ ಇದೆಯಲ್ಲ, ಅದು ನಡೆಯುವ ಊರಿನವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಸೋಮ ಹೊರಡುವಾಗ ನಿಮ್ಮ ಕಡೆ ಯಾವ ಕ್ರಿಯಾಪದ ಬಳಸುತ್ತೀರಿ? ಕಟ್ಟುವುದಾ, ಹೊರುವುದಾ, ಎಬ್ಬಿಸುವುದಾ?