ಅಪ್‌ಡೇಟ್: ಟೈರ್ ಪ್ರೆಶರ್ ಲೈಟ್ ಕೊನೆಗೂ ಆರಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನಮ್ಮ ಎಂಟು ವರ್ಷ ಹಳೆಯ ಕಾರಿನಲ್ಲಿ ಗಾಳಿ ಸರಿಯಾಗಿದ್ದರೂ ಟೈರ್ ಪ್ರೆಶರ್ ಲೈಟ್ ಆರುತ್ತಿರಲಿಲ್ಲ. "ಸ್ಟಾರ್ಟ್ ಮಾಡಿದ ಕೂಡಲೇ ಲೈಟ್ ಮಿಣುಕುತ್ತದಾ ನೋಡಿ" ಅಂತ ಒಬ್ಬರು ಬರೆದಿದ್ದರು. ಅವರಿಗೆ ದೊಡ್ಡ ಥ್ಯಾಂಕ್ಸ್! ಸುಮಾರು ಒಂದು ನಿಮಿಷ ಮಿಣುಕಿ, ಆಮೇಲೆ ಹಾಗೇ ಉರಿಯುತ್ತಿತ್ತು. ಅಂದರೆ ತೊಂದರೆ ಗಾಳಿಯದ್ದಲ್ಲ, ಪ್ರತಿ ಚಕ್ರದೊಳಗೆ ಕೂತು ಗಾಳಿ ಅಳೆಯುವ ಸೆನ್ಸರ್ ವ್ಯವಸ್ಥೆಯದ್ದು.

ಕಾರವಾರದ ಟೈರ್ ಅಂಗಡಿಯಲ್ಲಿ ಸ್ಕ್ಯಾನರ್ ಹಿಡಿದು ನೋಡಿದರು. ಎರಡು ಸೆನ್ಸರ್ ಉತ್ತರವನ್ನೇ ಕೊಡಲಿಲ್ಲ. ಬ್ಯಾಟರಿ ಮುಗಿದಿತ್ತು. ಅದು ಒಳಗೇ ಸೀಲ್ ಆಗಿರುತ್ತದೆ, ಬರೀ ಬ್ಯಾಟರಿ ಬದಲಿಸಲು ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದಂತೆ.

ಮೂರನೆಯದರ ಕಥೆ ಬೇರೆ. ನಮ್ಮದು ಕಡಲ ಪಕ್ಕದ ಮನೆ. ಯಾರೋ ಹಾಕಿದ್ದ ಲೋಹದ ಕ್ಯಾಪ್ ಉಪ್ಪುಗಾಳಿಗೆ, ಸೆನ್ಸರಿಗೇ ಜೋಡಿಸಿರುವ ಅಲ್ಯೂಮಿನಿಯಂ ವಾಲ್ವಿಗೆ (ಗಾಳಿ ತುಂಬುವ ನಳಿಕೆಗೆ) ಕಚ್ಚಿಕೊಂಡಿತ್ತು. ತಿರುಗಿಸಿದಾಗ ವಾಲ್ವೇ ಮುರಿಯಿತು. ತುಂಬಾ ಬೇಜಾರಾಯಿತು. ಕಡಲ ಬದಿಯವರು ದಯವಿಟ್ಟು ಪ್ಲಾಸ್ಟಿಕ್ ಕ್ಯಾಪನ್ನೇ ಹಾಕಿ.

ನಾಲ್ಕನೆಯದೂ ಅಷ್ಟೇ ಹಳೆಯದು ಅಲ್ವಾ, ಹಾಗಾಗಿ ನಾಲ್ಕನ್ನೂ ಹೊಸದು ಹಾಕಿಸಿದೆ. ಖರ್ಚು ಜಾಸ್ತಿಯಾಯಿತು. ಆದರೆ ಮತ್ತೆ ಮತ್ತೆ ಟೈರ್ ಬಿಚ್ಚಿಸುವುದು ತಪ್ಪಿತು. ಹೊಸ ಸೆನ್ಸರ್‌ಗಳ ನಂಬರನ್ನು ಕಾರಿಗೆ ಪರಿಚಯ ಮಾಡಿಸಿದ ಮೇಲೇ ಲೈಟ್ ಆರಿದ್ದು.

ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಶಿರಸಿಯಿಂದ ದೇವಿಮನೆ ಘಟ್ಟ ಇಳಿದೆ. ಜೋರು ಮಳೆ. ಲೈಟ್ ಹತ್ತಲಿಲ್ಲ. ಆದರೂ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗೇಜ್ ಹಿಡಿದು ನೋಡುವ ಅಭ್ಯಾಸ ಬಿಟ್ಟಿಲ್ಲ.