ಸಹಾಯ ಬೇಕು: ಫಾಂಟ್‌ಫೋರ್ಜ್‌ನಲ್ಲಿ ಒತ್ತುಗಳು ಒಂದರ ಮೇಲೊಂದು ಕೂರುತ್ತಿವೆ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ನಮ್ಮ ಮಾವ ಅಂಗಡಿ ಬೋರ್ಡು, ಯಕ್ಷಗಾನದ ಬ್ಯಾನರು ಬರೆಯುವವರು. ಮಾರಿಕಾಂಬಾ ಜಾತ್ರೆ ಬಂತೆಂದರೆ ಅವರಿಗೆ ಪುರುಸೊತ್ತೇ ಇಲ್ಲ. ಅವರ ಬ್ರಶ್ಶಿನ ಅಕ್ಷರಗಳನ್ನೇ ಫಾಂಟ್ ಮಾಡಲು ಹೊರಟಿದ್ದೇನೆ. ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನಲ್ಲಿ ಗೆರೆ ತಿದ್ದಿ, ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ಗೆ ಹಾಕಿ ಆಗಿದೆ. ಸ್ವರ, ವ್ಯಂಜನ, ಕಾಗುಣಿತ ಚೆನ್ನಾಗಿಯೇ ಬಂದಿವೆ. ಮಾವನ ‘ಳ’ದ ಬಾಲವಂತೂ ಬಹಳ ಚಂದ!

ತೊಂದರೆ ಇರುವುದು ಒತ್ತಕ್ಷರದಲ್ಲಿ. ಸ್ಕ್ರಿಪ್ಟ್ ಟ್ಯಾಗ್ (ಯಾವ ಲಿಪಿ ಎಂದು ಫಾಂಟ್‌ನಲ್ಲಿ ಹೇಳುವ ಗುರುತು) ಹೊಸದು, ‘ಕೆಎನ್‌ಡಿ2’. ಅದಕ್ಕೆ ತಕ್ಕಂತೆ ‘ಬಿಎಲ್‌ಡಬ್ಲ್ಯೂಎಫ್’ ಲುಕಪ್‌ನಲ್ಲಿ (ವ್ಯಂಜನವನ್ನು ಒತ್ತಾಗಿ ಬದಲಿಸುವ ನಿಯಮ) ಮೊದಲು ಹಲಂತ (್), ಆಮೇಲೆ ವ್ಯಂಜನ ಕೊಟ್ಟಿದ್ದೇನೆ. ‘ಅಕ್ಕ’, ‘ಹಬ್ಬ’ ಸರಿ ಬರುತ್ತವೆ. ಆದರೆ ‘ಸ್ತ್ರೀ’, ‘ರಾಷ್ಟ್ರ’ ಟೈಪ್ ಮಾಡಿದರೆ ಎರಡನೇ ಒತ್ತು ಮೊದಲನೆಯದರ ಮೇಲೇ ಹೋಗಿ ಕೂರುತ್ತದೆ, ಲಿಬ್ರೆಆಫೀಸ್‌ನಲ್ಲಿ ಬರೀ ಕಪ್ಪು ಮುದ್ದೆ. ಒತ್ತಿನ ಗ್ಲಿಫ್‌ಗಳ (ಅಕ್ಷರದ ಆಕಾರಗಳ) ಅಗಲ ಸೊನ್ನೆ ಇಟ್ಟಿದ್ದೇನೆ, ಕಾರಣ ಅದೇ ಇರಬೇಕು. ಅಗಲ ಕೊಟ್ಟರೆ ‘ಅಕ್ಕ’ದ ಪಕ್ಕ ಸುಮ್ನೆ ಜಾಗ ಬಿಟ್ಟುಹೋಗುತ್ತದೆ.

ಈಗ ಏನು ಮಾಡಲಿ? ‘ತ್ರ’, ‘ಟ್ರ’ದಂಥ ಜೋಡಿ ಒತ್ತುಗಳನ್ನು ಒಂದೇ ಗ್ಲಿಫ್ ಆಗಿ ಬರೆದು ‘ಬಿಎಲ್‌ಡಬ್ಲ್ಯೂಎಸ್’ನಲ್ಲಿ (ಕೆಳಗೆ ಬರುವ ಒತ್ತುಗಳ ರೂಪ ಬದಲಿಸುವ ನಿಯಮ) ಸೇರಿಸಲೇ? ಅಥವಾ ಆಂಕರ್ (ಒತ್ತು ಕೂರಬೇಕಾದ ಜಾಗದ ಗುರುತು) ಹಾಕಿ ಎರಡನೇ ಒತ್ತನ್ನು ಬಲಕ್ಕೆ ಸರಿಸುವುದು ಒಳ್ಳೆಯದೇ? ಜೋಡಿ ಒತ್ತು ಬರೆಯುವುದಾದರೆ ಮಾವನಿಂದಲೇ ಬರೆಸಬೇಕು, ಅವರನ್ನು ಕೂರಿಸುವುದೇ ದೊಡ್ಡ ಕೆಲಸ. ಕನ್ನಡ ಫಾಂಟ್ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಬೇಕಾದರೆ ಫೈಲ್ ಕಳಿಸುತ್ತೇನೆ. ‘ಇರುವ ಫಾಂಟನ್ನೇ ಬಳಸಿ’ ಅಂತ ಮಾತ್ರ ಹೇಳಬೇಡಿ ಮಾರಾಯ್ರೇ.